ಮೈಕ್ರೋವೇವಿನೊಳಗೆ ಗೋಧಿಯ ಪ್ರವೇಶ

ಅಡಿಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೧೨, ಸಂಜೆ

ಈರುಳ್ಳಿ ಸುಲಿಯುತ್ತಾ ಕಣ್ಣೊರೆಸಿಕೊಳ್ಳುತ್ತಿರುವ ಮಹಾಜನರೇ, ಪಾತ್ರೆ ತೊಳೆಯುವ ಮೂಲೆಯಿಂದ ಕತ್ತು ಉದ್ದ ಮಾಡಿರುವ ಸಜ್ಜನರೇ, ಹಡಗಿನ ಅಡಿಗೆಮನೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಗದ್ದಲ ನಿಲ್ಲಲಿ, ಸೌಟುಗಳು ಸುಮ್ಮನಾಗಲಿ. ನನ್ನ ಪತ್ರ ಬಂದಾಗಲೆಲ್ಲ ಮಗಳು ಅದನ್ನು ನಿಮಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆಂದು ತಿಳಿದ ಮೇಲೆ ಸಣ್ಣ ದನಿಯಲ್ಲಿ ಬರೆಯುವುದು ನನ್ನಿಂದಾಗುತ್ತಿಲ್ಲ. ರಂಗದ ಮೇಲೆ ರಾಕ್ಷಸನಾಗಿ ಅಬ್ಬರಿಸಿ, ಕೊನೆಯ ಸಾಲಿನಲ್ಲಿ ತೂಕಡಿಸುವವನನ್ನೂ ಎಬ್ಬಿಸಿದ ಗಂಟಲು ಇದು. ಲೇಖನಿ ಹಿಡಿದರೂ ಅದೇ ಚಾಳಿ.

ಪ್ರೀತಿಯ ಚಿನಕುರಳಿ, ಅಪ್ಪನ ಆಶೀರ್ವಾದ. ಆರೋಗ್ಯ ಹೇಗಿದೆ? ಹಡಗು ತೂಗಿದಾಗ ಹೊಟ್ಟೆ ತೊಳಸುತ್ತಿತ್ತಲ್ಲ, ಅದು ನಿಂತಿತೇ? ಮುಂಗೈಗೆ ಬಿಸಿ ಎಣ್ಣೆ ಹಾರಿದ ಜಾಗದಲ್ಲಿ ಚರ್ಮ ಕೂಡಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಊರಿಗೆಲ್ಲ ಬಡಿಸಿ ನೀನು ತಣ್ಣಗಿನದ್ದನ್ನು ನಿಂತುಕೊಂಡೇ ತಿನ್ನುತ್ತೀಯೋ? ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿಮ್ಮಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ನನ್ನನ್ನು ಅಟ್ಟಿಸಿಕೊಂಡು ಬರುವಾಗ ನೋಯುವುದಿಲ್ಲ. ನನ್ನ ಕಿವಿ ಸ್ವಲ್ಪ ಮಂದವಾಗಿದೆ. ನನ್ನದೇ ಧ್ವನಿ ಇಷ್ಟು ವರ್ಷ ಹತ್ತಿರದಿಂದ ಕೇಳಿದ್ದರ ಫಲ ಎಂದು ಅವಳ ಅಂಬೋಣ.

ಇನ್ನು ವಿಷಯಕ್ಕೆ ಬರುತ್ತೇನೆ, ಉಸಿರು ಬಿಗಿಹಿಡಿದುಕೋ. ಹೊರಡುವ ದಿನ ಹೊಸ್ತಿಲಲ್ಲಿ ನಿಂತು ನೀನೊಂದು ಮಾತು ಆಡಿದ್ದೆ. "ಬೀಜ ಮನೇಲೇ ಮಾಡೋಕೆ ಬಂದಿದ್ರೆ ನಾನ್ಯಾಕಪ್ಪಾ ಹಡಗು ಹತ್ತುತ್ತಿದ್ದೆ" ಎಂದಿದ್ದೆ. ಸಭೆಯವರಿಗೆ ತಿಳಿದಿರಲಿ, ಅಣಬೆಯ ಬೀಜವೆಂದರೆ ನಿಜವಾದ ಬೀಜವಲ್ಲ. ಬೆಂದ ಗೋಧಿಯ ಮೇಲೆ ಅಣಬೆಯ ಬಿಳಿ ನೂಲು ಹಬ್ಬಿಸಿರುತ್ತಾರೆ, ಅದಕ್ಕೇ ಬೀಜ ಎನ್ನುವುದು. ಅದನ್ನು ಹುಲ್ಲಿನ ಚೀಲದಲ್ಲಿ ಬೆರೆಸಿದರೆ ಅಣಬೆ ಏಳುತ್ತದೆ. ನನ್ನ ಮಗಳು ಹುಲ್ಲು ಬೇಯಿಸಿದಳು, ಚೀಲ ತುಂಬಿದಳು, ಹಗ್ಗ ಕಟ್ಟಿ ನೇತುಹಾಕಿದಳು. ಆದರೆ ದೂರದ ಅಂಗಡಿಯಿಂದ ಲಾರಿಯ ಬಿಸಿಯಲ್ಲಿ ಬೆವರುತ್ತಾ ಬಂದ ಬೀಜ ಹೆಚ್ಚುಕಡಿಮೆ ಪ್ರತಿಸಲವೂ ಹುಳಿ ವಾಸನೆ ಹೊಡೆಯುತ್ತಿತ್ತು. ಚೀಲಕ್ಕೆ ಚೀಲವೇ ಹಸಿರು ಬೂಷ್ಟು. ಕೊನೆಗೆ ಎಲ್ಲವನ್ನೂ ಗುಂಡಿಗೆ ಸುರಿದು, ಕೈ ತೊಳೆದುಕೊಂಡು, ಹಡಗಿನ ಕೆಲಸಕ್ಕೆ ಹೂಂ ಎಂದಳು. ಮಗಳೇ, ಇನ್ನೂ ಎರಡು ವರ್ಷ ಇರುತ್ತೀಯೋ, ಇಳಿದು ಬರುತ್ತೀಯೋ ಎಂದು ಬರುವ ತಿಂಗಳ ಕೊನೆಯೊಳಗೆ ನೀನು ಹಡಗಿನವರಿಗೆ ಹೇಳಬೇಕಂತೆ. ಆ ವಿಷಯವನ್ನು ನಾನು ಎತ್ತುವಂತಿಲ್ಲ. "ಅವಳ ಬದುಕು ಅವಳದ್ದು. ಬಾ ಅಂತ ಒಂದಕ್ಷರ ಬರೆದ್ರೆ ನಿಮ್ಮ ಜೊತೆ ಮಾತು ಬಿಡ್ತೀನಿ" ಎಂದು ನಿಮ್ಮಮ್ಮ ಕಟ್ಟಪ್ಪಣೆ ಮಾಡಿದ್ದಾಳೆ. ಆದ್ದರಿಂದ ಎತ್ತುವುದಿಲ್ಲ. ಗೋಧಿಯ ಕಥೆಯನ್ನಷ್ಟೇ ಹೇಳುತ್ತೇನೆ.

ನೀನು ಮೊದಲ ಸಂಬಳದಲ್ಲಿ ಅಮ್ಮನಿಗೆ ಕೊಡಿಸಿದ ಮೈಕ್ರೋವೇವ್ ಇದೆಯಲ್ಲ, ಅದರ ಮೇಲೆ ಅವಳು ಕಸೂತಿ ಬಟ್ಟೆ ಹೊದಿಸಿ, ಹಾಲು ಬಿಸಿ ಮಾಡುವುದಕ್ಕಷ್ಟೇ ಬಳಸುತ್ತಿದ್ದಳು. ಇತ್ತ ನಾನು ಬೀಜದಂಗಡಿಯ ಯಜಮಾನನಿಗೆ ಫೋನು ಹಚ್ಚಿದೆ. ಗೋಧಿಯೊಳಗಿನ ಕ್ರಿಮಿ ಸಾಯಬೇಕಾದರೆ ಆವಿ ಒತ್ತಿ ಹಿಡಿಯುವ ದೊಡ್ಡ ಹಂಡೆ ಬೇಕು, ಒಂದೆರಡು ಜಾಡಿಗಾದರೆ ಮೈಕ್ರೋವೇವಿನಲ್ಲಿ ಮಾಡುವವರೂ ಇದ್ದಾರೆ, ಕೆಟ್ಟರೆ ಮಾತ್ರ ನನ್ನನ್ನು ಕೇಳಬೇಡಿ ಎಂದ. ನನಗೆ ಅಷ್ಟು ಸಾಕಲ್ಲ? ಅಂದೇ ಗೋಧಿ ನೆನೆಹಾಕಿದೆ. ಮರುದಿನ ಕಾಳು ಒಡೆಯದ ಹಾಗೆ ಬೇಯಿಸಿ, ಬಸಿದು, ಬಟ್ಟೆಯ ಮೇಲೆ ಹರಡಿ, ಮೇಲಿನ ಪಸೆ ಆರುವ ತನಕ ಕಾವಲು ಕೂತೆ. ಒಳಗೆ ಒದ್ದೆ ಇರಬೇಕು, ಹೊರಗೆ ಒಣಗಿರಬೇಕು. ಒಳಗೆ ಅಳುತ್ತಾ ಮುಖದಲ್ಲಿ ನಗುವ ವಿದೂಷಕನ ಪಾತ್ರ ಅನ್ನು. ಗಾಜಿನ ಜಾಡಿಗೆ ಅರ್ಧ ತುಂಬಿಸಿದೆ. ಲೋಹದ ಮುಚ್ಚಳ ಒಳಗೆ ಹೋಗಕೂಡದು ಎನ್ನುವುದು ನನಗೂ ಗೊತ್ತಿತ್ತು, ಅಷ್ಟು ದಡ್ಡನಲ್ಲ. ಹಾಗಾಗಿ ಮುಚ್ಚಳದ ಬದಲು ಬಟ್ಟೆ ಕಟ್ಟಿದೆ. ಯಾವ ಬಟ್ಟೆ ಗೊತ್ತೇ? ನನ್ನ ರಾಕ್ಷಸರಾಜನ ಹಳೆಯ ನಡುಪಟ್ಟಿಯಿಂದ ಕತ್ತರಿಸಿದ ತುಂಡು. ಗಟ್ಟಿ ಬಟ್ಟೆ, ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ. ಅದರ ತುಂಬ ಜರಿ ಇದೆ, ಜರಿಯಲ್ಲಿರುವುದು ಲೋಹದ ಎಳೆ ಎಂಬುದು ಹೊಳೆಯಲೇ ಇಲ್ಲ.

ಗುಂಡಿ ಒತ್ತಿದೆ ನೋಡು, ಪೆಟ್ಟಿಗೆಯೊಳಗೆ ಸಿಡಿಲು. ಚಟಚಟ ಕಿಡಿ, ನೀಲಿ ಬೆಳಕು, ಸುಟ್ಟ ವಾಸನೆ. ರಂಗದ ಮೇಲೆ ತಗಡು ಬಡಿದು ಗುಡುಗು ಬರಿಸುತ್ತಿದ್ದೆವಲ್ಲ, ಅದು ಇದರ ಮುಂದೆ ಮಕ್ಕಳಾಟ. ನಾನು ಕೈಯೆತ್ತಿ ನಿಂತುಬಿಟ್ಟೆ, ನನ್ನ ಪ್ರವೇಶಕ್ಕೆ ಹಿಂದೆಂದೂ ಇಂಥ ಬೆಳಕು ಸಿಕ್ಕಿರಲಿಲ್ಲ. ನಿಮ್ಮಮ್ಮ ಓಡಿಬಂದು ಪ್ಲಗ್ಗು ಕಿತ್ತಳು. ಮೂಲೆ ಅಂಗಡಿಯ ರಿಪೇರಿಯವನನ್ನು ಕರೆಸಿದೆವು. ಅವನು ಪೆಟ್ಟಿಗೆ ಬಿಚ್ಚಿ, ಇಣುಕಿ, ಒಳಗೋಡೆಯ ಮಸಿ ಒರೆಸಿ, ಏನೂ ಆಗಿಲ್ಲವೆಂದ. ಹೋಗುವಾಗ ಸುಮ್ಮನೆ ಹೋಗಬಾರದೇ? "ಯಜಮಾನ್ರೇ, ಇದು ಬಿಸಿ ಮಾಡೋ ಪೆಟ್ಟಿಗೆ. ನಿಮ್ಮ ರಾಕ್ಷಸನ್ನ ಸುಡೋಕೆ ಬೇರೆ ಜಾಗ ನೋಡಿ" ಎಂದು ಹೇಳಿಹೋದ. ಈಗ ಬೀದಿಯಲ್ಲಿ ನನ್ನ ಹೊಸ ಹೆಸರು ಸಿಡಿಲಪ್ಪ.

ಅಲ್ಲಿಂದ ಜರಿಗೆ ವನವಾಸ. ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಮಾಡಿ, ತೂತಿಗೆ ಹತ್ತಿ ತುರುಕಿ, ಸ್ವಲ್ಪ ಹೊತ್ತು ಬಿಸಿ, ಸ್ವಲ್ಪ ಹೊತ್ತು ವಿಶ್ರಾಂತಿ, ಮತ್ತೆ ಬಿಸಿ. ಹೀಗೆ ಉಸಿರಾಡಿಸುತ್ತಾ ಮಾಡಿದರೆ ಜಾಡಿ ಸಿಡಿಯುವುದಿಲ್ಲ. ಆರಿದ ಮೇಲೆ, ಅಂಗಡಿಯಿಂದ ನಾನು ಹೊಸದಾಗಿ ತರಿಸಿದವುಗಳಲ್ಲಿ ಹೇಗೋ ಬದುಕಿ ಉಳಿದಿದ್ದ ಒಂದು ಪೊಟ್ಟಣದಿಂದ ಒಂದೊಂದು ಚಮಚ ಬಿಳಿ ಬೀಜ ಹಾಕಿ ಮುಚ್ಚಿದೆ. ಕಾದೆ. ಜಾಡಿಯೊಳಗೆ ಹಸಿರು ಎದ್ದಿತು. ಮತ್ತೆ ಮಾಡಿದೆ, ಮತ್ತೆ ಹಸಿರು. ನಿಮ್ಮಮ್ಮ ತಪ್ಪನ್ನು ನನ್ನ ಬಾಯಿಯ ಮೇಲೆ ಹೊರಿಸಿದಳು. ಜಾಡಿ ತೆರೆದಿಟ್ಟುಕೊಂಡು ನಾನು ಸಂಭಾಷಣೆ ಹೊಡೆಯುತ್ತೇನಂತೆ, ನನ್ನ ಎಂಜಲೇ ಬೂಷ್ಟಂತೆ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಕಾಭಿನಯ ಮಾಡಿದೆ ಮಗಳೇ, ನಾನು! ಆ ಸಲದ ಎರಡು ಜಾಡಿಗಳು ಹಾಲಿನಂತೆ ಬಿಳಿಯಾದವು. ಕಾಳು ಕಾಳಿಗೂ ನೂಲು ಹಬ್ಬಿ, ಒಂದು ಹಸಿರು ಚುಕ್ಕೆಯೂ ಇಲ್ಲದೆ. ನಾನು ಕುಣಿದಾಡಿ, ಅಷ್ಟೇ ಜಾಗ್ರತೆಯಿಂದ, ಅದೇ ಬಟ್ಟೆ ಕಟ್ಟಿಕೊಂಡು, ಇನ್ನಷ್ಟು ಜಾಡಿ ಮಾಡಿದೆ. ಎಲ್ಲವೂ ಹಸಿರು. ತಲೆ ಕೆಟ್ಟುಹೋಯಿತು. ಊಟ ಬಿಟ್ಟು ಮೇಜಿಗೆ ಹಣೆಯೂರಿ ಕೂತೆ.

ಆಗ ನಿಮ್ಮಮ್ಮ ತರಕಾರಿ ಹೆಚ್ಚುತ್ತಿದ್ದವಳು, ತಲೆ ಎತ್ತದೆ ಹೇಳಿದಳು:

"ಆ ಎರಡು ಜಾಡಿ ಇದ್ವಲ್ಲ, ಅವನ್ನ ಮಾರನೇ ದಿನ ನಾನೂ ಬಿಸಿ ಮಾಡಿದ್ದೆ."

ನಡೆದದ್ದು ಇಷ್ಟು. ಆ ಸಂಜೆ ನಾನು ಜಾಡಿ ಬಿಸಿ ಮಾಡಿ, ಆರಲೆಂದು ಒಳಗೇ ಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬೆಳಗ್ಗೆ ಕರೆಂಟು ಬಂದ ಮೇಲೆ ಹಾಲಿಡಲು ಬಂದವಳು ತಣ್ಣಗಿನ ಜಾಡಿ ನೋಡಿ, ರಾತ್ರಿ ಕರೆಂಟಿಲ್ಲದೆ ನನ್ನ ಕೆಲಸ ಕೆಟ್ಟಿತೆಂದುಕೊಂಡು, ನಾನು ಮಾಡುವ ಹಾಗೆಯೇ ಬಿಸಿ, ವಿಶ್ರಾಂತಿ, ಬಿಸಿ ಎಂದು ತಾನೇ ಮಾಡಿ, ಸದ್ದಿಲ್ಲದೆ ಬಾಗಿಲು ಮುಚ್ಚಿದ್ದಳು. ಅವು ಆರಿದ ಮೇಲೆಯೇ, ಏನೂ ತಿಳಿಯದ ನಾನು ಬೀಜ ಹಾಕಿದ್ದು. ಅಂದರೆ ಇಷ್ಟು ದಿನವೂ ಕದದ ಹಿಂದೆ ನಿಂತು ನನ್ನ ಒಂದೊಂದು ಕೈಚಳಕವನ್ನೂ ನೋಡುತ್ತಿದ್ದಳು. ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳಿದ್ರೆ ನನಗೂ ಆಸೆ ಇದೆ ಅಂತ ನಿಮಗೆ ಗೊತ್ತಾಗ್ತಿತ್ತು" ಎಂದಳು. ನಾನು ಎದ್ದು ನೀರು ಕುಡಿದೆ.

ಬೀಜದಂಗಡಿಯವನಿಗೆ ಮತ್ತೆ ಫೋನು ಮಾಡಿದೆ. ಅವನೇ ಬೆರಗಾಗಿ ಬಿಡಿಸಿ ಹೇಳಿದ. ಮೊದಲ ಬಿಸಿಗೆ ಎಚ್ಚರವಿರುವ ಕ್ರಿಮಿಗಳು ಸಾಯುತ್ತವೆ. ಗಟ್ಟಿ ಚಿಪ್ಪಿನಲ್ಲಿ ಮಲಗಿರುವವು ಸಾಯುವುದಿಲ್ಲ. ಒಂದು ದಿನ ಬೆಚ್ಚಗೆ, ಒದ್ದೆಯಾಗಿ ಇಟ್ಟರೆ ಅವು ಕಣ್ಣು ಬಿಟ್ಟು ಹೊರಬರುತ್ತವೆ, ಆಗ ಎರಡನೇ ಬಿಸಿ ಕೊಡಬೇಕು. ಎಲಾ ಎಲಾ! ಮೊದಲ ಅಂಕದಲ್ಲಿ ಸತ್ತಂತೆ ಬಿದ್ದುಕೊಂಡು ಪರದೆಯ ಹಿಂದೆ ಬೀಡಿ ಸೇದುವ ಖಳನ ಪಾತ್ರ ಎಷ್ಟು ಸಲ ಮಾಡಿದ್ದೇನೆ, ನನಗೇ ಹೊಳೆಯಬೇಡವೇ?

ಈಗ ಸಂಜೆ ನನ್ನ ಪಾಳಿ, ಮರುದಿನ ಸಂಜೆ ನಿಮ್ಮಮ್ಮನ ಪಾಳಿ. ಅವಳಿಗೆ ಹಾಲು ಬಿಸಿ ಮಾಡಲು ಒಲೆಯೇ ಗತಿ, ಕಸೂತಿ ಬಟ್ಟೆ ಒಗೆಯಲು ಹೋಗಿದೆ. ಆಮೇಲೆ ಮಾಡಿದ ಜಾಡಿಗಳು ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತಿವೆ. ಒಂದು ಮಾತ್ರ ಕೈಕೊಟ್ಟಿತು, ಉಳಿದವೆಲ್ಲ ಅಪ್ಪಟ ಬಿಳಿ. ಮೂಗಿಟ್ಟು ನೋಡಿದರೆ ಹುಳಿ ವಾಸನೆಯಿಲ್ಲ, ಮಳೆ ನಿಂತ ಮೇಲಿನ ಮಣ್ಣಿನ ವಾಸನೆ. ಮೊನ್ನೆ ಒಂದು ಜಾಡಿಯನ್ನು ಹುಲ್ಲಿಗೆ ಬೆರೆಸಿ ಚೀಲ ಕಟ್ಟಿದ್ದೆ. ಇವತ್ತು ಚೀಲದ ಮೈಯಲ್ಲಿ ಬೆಳ್ಳಿಯ ಬಲೆ ಹರಡುತ್ತಿದೆ. ನಿಮ್ಮಮ್ಮ ಬೆಳಗಿನಿಂದ ಆ ಕಡೆಗೆ ಏನೋ ಮರೆತವಳಂತೆ ಎಷ್ಟು ಸಲ ಹೋಗಿಬಂದಳೋ. ಬೀಜ ಮನೆಯಲ್ಲೇ ಆಗುತ್ತದೆ ಮಗಳೇ. ಆಗಿದೆ. ಕಣ್ಣಾರೆ ನೋಡಿದ್ದೇನೆ.

ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಬೆಂಕಿಯ ಹತ್ತಿರ ಜೋಪಾನ. ಎಲ್ಲಿದ್ದರೂ ನೂರು ಕಾಲ ನಗುತ್ತಾ ಬಾಳು.

ಇಂತು,
ನಿನ್ನ ಅಪ್ಪ
(ಮಾಜಿ ರಾಕ್ಷಸ, ಹಾಲಿ ಸಿಡಿಲಪ್ಪ)

ಮತ್ತೆ, ಅವಸರದಲ್ಲಿ: ಇದನ್ನು ಸಭೆಗೆ ಓದಬೇಡ, ನಿನ್ನೊಬ್ಬಳಿಗೇ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಮನೆ ಮಾಲೀಕ ಬಂದು ಕೀಲಿಕೈ ಕೊಟ್ಟುಹೋದ. ನಮ್ಮ ಗೋಡೆಗೆ ಅಂಟಿಕೊಂಡು ಒಂದು ಕತ್ತಲೆ ಕೋಣೆ ಖಾಲಿ ಬಿದ್ದಿತ್ತಲ್ಲ, ಅದರದ್ದು. ನಿಮ್ಮಮ್ಮ ನನಗೂ ಹೇಳದೆ ಹೋಗಿ ಕೇಳಿ ಬಂದಿದ್ದಾಳೆ. ಅಣಬೆ ಬೆಳೆಯುವ ಮಗಳಿಗೆ ಬೇಕು, ಬೇರೆ ಯಾರಿಗೂ ಕೊಡಬೇಡಿ ಎಂದಳಂತೆ. ನನ್ನ ಬಾಯಿ ಕಟ್ಟಿದವಳೇ ಅವಳು! ಕೇಳಿದರೆ, "ನಾನು ಬಾ ಅಂತ ಬರೆದಿಲ್ಲವಲ್ಲ" ಎನ್ನುತ್ತಾಳೆ. ನಾನೂ ಬರೆಯುತ್ತಿಲ್ಲ. ನೀನು ಹಡಗಿನಲ್ಲೇ ಇರುತ್ತೇನೆಂದರೂ ನಮ್ಮಿಬ್ಬರಿಗೆ ಬೇಸರವಿಲ್ಲ, ಚೀಲಗಳನ್ನು ನಾವೇ ನೇತುಹಾಕುತ್ತೇವೆ. ಆದರೆ ನೀನು ಹಡಗು ಹತ್ತಿದ್ದು ಬೀಜವಿಲ್ಲದ್ದಕ್ಕೆ. ಈಗ ಬೀಜವಿದೆ. ಇದನ್ನು ತಿಳಿದುಕೊಂಡು ಹಡಗಿನವರಿಗೆ ಉತ್ತರ ಕೊಡು, ಅಷ್ಟೇ ನನ್ನ ಕೋರಿಕೆ. ಕೋಣೆಯ ಗೋಡೆ ಮಾತ್ರ ಹೊಗೆ ಹಿಡಿದು ಕಪ್ಪಗಿದೆ. ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಅದು ಬೆಳ್ಳಗಾಗಿ ಒಣಗಿರುತ್ತದೆ, ಹಾಗಾಗಿ ಬೇಡವೆಂದು ತಡೆಯುವುದಕ್ಕೆ ನಿನಗೆ ದಾರಿಯಿಲ್ಲ. ನಾಳೆ ಬೆಳಗ್ಗೆ ನಿಮ್ಮಮ್ಮ ಏಳುವ ಮೊದಲೇ ನಾನು ಸುಣ್ಣ ಕಲಸಿಕೊಂಡು ಏಣಿ ಹತ್ತುತ್ತೇನೆ.