ಜಮಖಾನದ ಮರೆ

ಜೂನ್ 11, ಬುಧವಾರ

ತೊಗರ್ಸಿ. ಶಾಲೆಯ ಹಾಲ್. ಎದೆ ಒತ್ತುವುದನ್ನು ಕಲಿಸುವ ಗೊಂಬೆ ಹೊರಗೆ ತೆಗೆದ ಕೂಡಲೇ ಎಂದಿನ ನಗು. ಕೈಕಾಲಿಲ್ಲದ, ಸೊಂಟದವರೆಗಿನ ರಬ್ಬರ್ ಗಂಡಸು. ಒಬ್ಬ ಅಜ್ಜ ಕೇಳಿದ— "ಇವನು ಬದುಕಿ ಏನ್ ಮಾಡ್ತಾನ್ರೀ ಸಿಸ್ಟರ್?" ನನಗೂ ನಗು ತಡೆಯಲಿಲ್ಲ.

ಆಮೇಲೆ ಎಇಡಿ, ನಿಂತ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ. ಜನರ ಬಾಯಲ್ಲಿ ಶಾಕ್ ಮಿಷನ್. ದಿನಾ ಅದೇ ಪಾಠ, ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಬಿದ್ದವರ ಭುಜ ತಟ್ಟಿ ಕರೆಯಿರಿ. ಓಗೊಡದಿದ್ದರೆ, ಉಸಿರಾಡದಿದ್ದರೆ 108ಕ್ಕೆ ಫೋನ್. ಎದೆ ಒತ್ತಲು ಶುರು ಮಾಡಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮಿಷನ್ ಬಂದ ಕೂಡಲೇ ಬಟ್ಟೆ ತೆಗೆದು ಬರಿ ಎದೆಗೆ ಎರಡು ಪ್ಯಾಡ್ ಅಂಟಿಸಿ. ಉಳಿದದ್ದನ್ನು ಮಿಷನ್ನೇ ಕನ್ನಡದಲ್ಲಿ ಹೇಳುತ್ತದೆ. ಓದು ಬರಹ ಬೇಡ, ಧೈರ್ಯ ಇದ್ದರೆ ಸಾಕು.

ವಾರ್ಡಿನಿಂದ ಈ ಕೆಲಸಕ್ಕೆ ಹಾಕಿದಾಗ ಎಲ್ಲರನ್ನೂ ಬೈದುಕೊಂಡಿದ್ದೆ. ಈಗ ಇಷ್ಟವಾಗುತ್ತಿದೆ. ಹೇಳಿಕೊಳ್ಳಬಾರದು... ಇನ್ನೂ ಎರಡು ತಾಲ್ಲೂಕು ತಗುಲಿಹಾಕುತ್ತಾರೆ.

ಜೂನ್ 17, ಮಂಗಳವಾರ

ಉಡುತಡಿ ದಾಟಿ ಒಳಗೆ ಹೋದರೆ ಸಿಗುವ ಪುಟ್ಟ ಊರು. ಪಂಚಾಯ್ತಿ ಗೋಡೆಗೆ ಹೊಸ ಎಇಡಿ ಹಾಕಿದ್ದಾರೆ, ಅದಕ್ಕೇ ಕ್ಲಾಸ್. ಮಿಷನ್ ಪೆಟ್ಟಿಗೆಗೆ ಆಗಲೇ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಅಧ್ಯಕ್ಷ ಪರಮಶಿವಪ್ಪನವರಿಗೆ ಹೇಳಿದೆ, ಪೂಜೆ ಮಾಡಿ ಆದರೆ ಬೀಗ ಹಾಕಬೇಡಿ ಅಂತ. "ಇಲ್ರೀ ಸಿಸ್ಟರ್, ದೇವರಿಗೇ ಬೀಗ ಹಾಕಲ್ಲ ನಾವು" ಅಂದರು.

ಗಂಡಸರು ಮುಂದೆ, ಹೆಂಗಸರು ಬಾಗಿಲ ಬಳಿ. ಬರಿ ಎದೆಗೆ ಪ್ಯಾಡ್ ಅನ್ನುವಲ್ಲಿಗೆ ಬಂದಾಗ ಬಾಗಿಲ ಕಡೆಯಿಂದ ಒಂದು ಗಟ್ಟಿ ದನಿ. ಲೋಕಮ್ಮ ಅಂತೆ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿ.

"ಬಿದ್ದೋಳು ಹೆಂಗಸಾದ್ರೆ ಏನ್ ಮಾಡ್ತೀರಿ ಸಿಸ್ಟರ್?"

"ಹೆಂಗಸಾದರೂ ಅಷ್ಟೇ. ಕುಪ್ಪಸ ಕತ್ತರಿಸಬೇಕು. ತಾಳಿ ಪಕ್ಕಕ್ಕೆ ಸರಿಸಬೇಕು. ಯಾರಿದ್ದರೂ ಮಾಡಬೇಕು. ಗಂಡಸರೂ."

ಗಂಡಸರೆಲ್ಲ ನೆಲ ನೋಡತೊಡಗಿದರು. ಲೋಕಮ್ಮ ಎದ್ದು ನಿಂತಳು. "ಹಂಗಾರೆ ನಂದೊಂದು ಮಾತು. ಮೊದ್ಲು ಏನಾರ ಅಡ್ಡ ಹಿಡೀರಿ. ಜಮಖಾನನೋ, ಪಂಚೆನೋ. ಆಮ್ಯಾಲೆ ಏನ್ ಬೇಕಾದ್ರೂ ಮಾಡ್ರಿ. ಸತ್ರೂ ಊರಾಗೆ ಮಾನ ಇರ್ಲಿ."

ಹೆಂಗಸರು ಚಪ್ಪಾಳೆ ತಟ್ಟಿದರು. ತಪ್ಪೇನಿಲ್ಲ ಅನ್ನಿಸಿತು. ಪುಸ್ತಕದಲ್ಲೂ ಹಾಗೆಯೇ ಇದೆ— ಸಾಧ್ಯವಾದರೆ ಮರೆ ಮಾಡಿ ಅಂತ. ಕೂತಿದ್ದ ಜಮಖಾನವನ್ನೇ ಎತ್ತಿ ಹಿಡಿಸಿ ಅಭ್ಯಾಸ ಮಾಡಿಸಿದೆ. ಗಂಡಸರಿಗೆ ಕೊನೆಗೂ ಕೈಗೊಂದು ಕೆಲಸ ಸಿಕ್ಕಿತು. ಎಷ್ಟು ಚೆನ್ನಾಗಿ ಹಿಡಿದರು! ಒಂದು ಮೂಲೆ ಲೋಕಮ್ಮನ ಗಂಡನ ಕೈಯಲ್ಲಿ. ಉಚ್ಚಂಗಪ್ಪ, ಮಾತು ಕಡಿಮೆ. ಹೆಂಡತಿಯೇ ಇಬ್ಬರ ಪಾಲಿನದನ್ನೂ ಮಾತಾಡುತ್ತಾಳೆ.

ಜೂನ್ 20, ಶುಕ್ರವಾರ

ಮರೆ ಹಿಡಿಯುವುದನ್ನು ಎಲ್ಲ ಕ್ಲಾಸಿಗೂ ಸೇರಿಸಿದ್ದೇನೆ. ಹೆಂಗಸರು ಈಗ ಬಾಗಿಲು ಬಿಟ್ಟು ಮುಂದೆ ಬರುತ್ತಾರೆ. 108ರ ಪ್ರದೀಪನಿಗೂ ಖುಷಿ. ಸೊರಬದ ಹುಡುಗ, ಡ್ಯೂಟಿ ಶಿಕಾರಿಪುರದ ಗಾಡಿಯಲ್ಲಿ. "ಒಳ್ಳೆ ಐಡಿಯಾ ಮಾರಾಯ್ರೆ. ಯಾರು ಹೇಳಿದ್ದು?" ಅಂದ. ಲೋಕಮ್ಮ ಅಂದೆ.

ಗೊಂಬೆ ಇಡಲು ಆಸ್ಪತ್ರೆಯಲ್ಲಿ ಜಾಗವಿಲ್ಲ, ನಮ್ಮ ಹಾಲ್‌ನ ಮೂಲೆಯಲ್ಲೇ ಇದೆ. ರಾಜಕುಮಾರ್ ಅದರ ಮುಖಕ್ಕೆ ಟವೆಲ್ ಹಾಕಿದ್ದಾರೆ. "ನಿನ್ನ ಇನ್ನೊಬ್ಬ ಗಂಡ ಟಿವಿ ನೋಡೋಕೆ ಬಿಡ್ತಿಲ್ಲ ಕಣೆ."

ಜುಲೈ 9, ಬುಧವಾರ

ಲೋಕಮ್ಮ ಹೋದಳು.

ನಿನ್ನೆ ಮಧ್ಯಾಹ್ನ. ಪಂಚಾಯ್ತಿಯ ಮುಂದೆಯೇ. ಪ್ರದೀಪ ಈಗ ಬಂದು ಹೇಳಿ ಹೋದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಜುಲೈ 9, ರಾತ್ರಿ

ನಿದ್ದೆ ಇಲ್ಲ. ಬರೆದಾದರೂ ಬಿಡುತ್ತೇನೆ.

ಸಂಘದ ಕೆಲಸಕ್ಕೆ ಬಂದಿದ್ದಾಳೆ. ಮೆಟ್ಟಿಲ ಮೇಲೆ ಕುಸಿದಿದ್ದಾಳೆ. ಗಂಡಸರು ಓಡಿ ಬಂದಿದ್ದಾರೆ, 108ಕ್ಕೆ ಫೋನ್ ಮಾಡಿದ್ದಾರೆ, ಮಿಷನ್ ತಂದು ಪಕ್ಕದಲ್ಲಿಟ್ಟು ಆನ್ ಮಾಡಿದ್ದಾರೆ. ಎಲ್ಲ ಸರಿ. ಜಮಖಾನ ತಂದು ಸುತ್ತ ಮರೆ ಹಿಡಿದಿದ್ದಾರೆ. ಊರಿನ ಹೆಂಗಸರೆಲ್ಲ ಜೋಳದ ಕಳೆಗೆ ಹೋಗಿದ್ದರು. ಕರೆದು ತರಲು ಬೈಕಿನಲ್ಲಿ ಆಳು ಹೋಗಿದ್ದಾನೆ.

ಪ್ರದೀಪನ ಗಾಡಿ ತಲುಪಿದಾಗ ಗಂಡಸರು ವೃತ್ತವಾಗಿ ನಿಂತಿದ್ದರಂತೆ. ಬೆನ್ನು ಒಳಕ್ಕೆ, ಮುಖ ಹೊರಕ್ಕೆ. ಒಳಗಿನಿಂದ ಮಿಷನ್ನಿನ ದನಿ. ಯಾರೋ ಒಳಗೆ ಎದೆ ಒತ್ತುತ್ತಿದ್ದಾರೆ ಅಂದುಕೊಂಡ.

"ಜಮಖಾನ ಸರಿಸಿ ಒಳಗೆ ಹೋದೆ ಮೇಡಂ. ಯಾರೂ ಇರಲಿಲ್ಲ. ಅವರೊಬ್ಬರೇ. ಸೆರಗು ಕೂಡ ಸರಿದಿರಲಿಲ್ಲ. ಮಿಷನ್ ಮಾತ್ರ ಹೇಳ್ತಾನೇ ಇತ್ತು."

ಯಾರೂ ಮುಟ್ಟಿಲ್ಲ. ಹೆಂಗಸರು ಬರಲಿ ಅಂತ ಕಾದಿದ್ದಾರೆ. ಜಮಖಾನದ ಒಂದು ಮೂಲೆ ಉಚ್ಚಂಗಪ್ಪನ ಕೈಯಲ್ಲೇ ಇತ್ತಂತೆ.

ಜುಲೈ 11, ಶುಕ್ರವಾರ

ಮಿಷನ್ ಚೆಕ್ ಮಾಡಲು ಆ ಊರಿಗೆ ಹೋಗಿದ್ದೆ. ಡ್ಯೂಟಿ. ಪ್ಯಾಡಿನ ಪ್ಯಾಕೆಟ್ ಒಡೆದಿರಲಿಲ್ಲ. ಬೆಳ್ಳಿ ಬಣ್ಣದ ಕವರ್, ಹೊಸದರಂತೆಯೇ ಇದೆ. ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ.

ಪರಮಶಿವಪ್ಪನವರ ಕಣ್ಣು ಬಾತಿತ್ತು. "ಆಯಮ್ಮ ಹೇಳಿದಂಗೇ ಮಾಡಿದ್ವಿ ಸಿಸ್ಟರ್. ಒಂದ್ ಕಣ್ಣೂ ಒಳಗೆ ಹಾಯಲಿಲ್ಲ."

ಆ ಮಾತಲ್ಲಿ ಹೆಮ್ಮೆಯೂ ಇತ್ತು. ಸಿಟ್ಟು ನೆತ್ತಿಗೇರಿತು. ಅಯ್ಯೋ ಮಹಾರಾಯರೇ, ಮರೆ ಯಾತಕ್ಕೆ ಅಂತ ಹೇಳಿದ್ದು, ಒಳಗೆ ಒಬ್ಬರು ಬೇಡವೇ ಅಂತ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅವರು ಅಳುತ್ತಿದ್ದರು.

ಜುಲೈ 15, ಮಂಗಳವಾರ

"ರೋಗಿಯ ಎದೆಯ ಮೇಲಿನ ಬಟ್ಟೆ ತೆಗೆಯಿರಿ."

ಮಿಷನ್ನಿನ ಆ ಮಾತು ಬಸ್ಸಿನಲ್ಲಿ ಕೇಳಿಸುತ್ತದೆ. ಮಿಕ್ಸಿ ತಿರುಗುವಾಗ. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ವಾರ್ತೆ ಓದಿದರೆ ಅದೇ ಹೆಂಗಸು ಅನ್ನಿಸುತ್ತದೆ. ಅವಸರವಿಲ್ಲದ, ಬೇಸರವಿಲ್ಲದ ದನಿ. ಲೋಕಮ್ಮನಿಗೂ ಅದು ಕೇಳಿಸುತ್ತಿತ್ತೇ... ಹೃದಯ ನಿಂತ ಮೇಲೆ ಕೇಳಿಸುವುದಿಲ್ಲ. ನರ್ಸ್ ನಾನು, ಗೊತ್ತು. ಆದರೂ.

ಜುಲೈ 22, ಮಂಗಳವಾರ

ತಾಳಗುಂದ. ಬಹಳ ದಿನದ ಮೇಲೆ ಕ್ಲಾಸ್. ಗೊಂಬೆಗೆ ನನ್ನ ಹಳೆಯ ಸೀರೆ ಸುತ್ತಿ, ಕುಪ್ಪಸ ತೊಡಿಸಿ, ಕರಿಮಣಿ ಸರ ಹಾಕಿ ಕರೆದುಕೊಂಡು ಹೋದೆ. ಕರೆದುಕೊಂಡು— ಹಾಗೆಯೇ ಬರೆದೆ ನೋಡು. ಈ ಸಲ ಯಾರೂ ನಗಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಬೀಡಿ ನೆಪದಲ್ಲಿ ಎದ್ದರು. ರಬ್ಬರಿಗೂ ನಾಚಿಕೆ ಪಡುತ್ತೀರೇನ್ರೀ ಅಂತ ರೇಗಿದೆ. ರೇಗಬಾರದಿತ್ತು. ಉಳಿದವರೂ ಹೋದರು.

ಖಾಲಿ ಹಾಲ್‌ನ ಹಿಂದಿನ ಸಾಲಿನಲ್ಲಿ ಒಬ್ಬರು ಕೂತಿದ್ದರು. ಉಚ್ಚಂಗಪ್ಪ. ತಲೆಗೆ ಬಿಳಿ ಟವೆಲ್. ಗೊಂಬೆಯನ್ನೇ ನೋಡುತ್ತಿದ್ದರು. ಮಾತಾಡಿಸುವ ಹೊತ್ತಿಗೆ ಎದ್ದು ಹೋದರು.

ಜುಲೈ 30, ಬುಧವಾರ

ಸೊರಬ. ಉಚ್ಚಂಗಪ್ಪ ಅಲ್ಲೂ ಬಂದಿದ್ದರು! ಬಸ್ಸು ಬದಲಿಸಿ ಬಂದಿರಬೇಕು. ರಜೆಗೆ ಊರಿಗೆ ಬಂದಿದ್ದ ಪ್ರದೀಪ ಕ್ಲಾಸಿಗೂ ಬಂದಿದ್ದ. ನನ್ನ ಕಿವಿಯಲ್ಲಿ, "ಆ ಯಜಮಾನ್ರು ಎಂತಕ್ಕೆ ಎಲ್ಲ ಕಡೆ ಬರ್ತಾರೆ ಮೇಡಂ? ನಂಗ್ಯಾಕೋ ಹೆದರಿಕೆ ಆಗ್ತದೆ." ನನಗೂ. ಬೈಯಲಿ, ಎಲ್ಲರೆದುರು ನೀನೇ ಕಾರಣ ಅನ್ನಲಿ. ಸುಮ್ಮನೆ ಕೂರುವುದನ್ನು ತಡೆಯಲಾಗುವುದಿಲ್ಲ.

ಕ್ಲಾಸ್ ಮುಗಿದ ಮೇಲೆ ನಾನೇ ಹೋಗಿ ಟೀ ಕೊಟ್ಟೆ. ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

"ಆ ಮಿಷನ್ ಅಂಟಿಸಿದ್ರೆ ಆಕಿ ಉಳೀತಿದ್ಲೇನ್ರೀ ಸಿಸ್ಟರ್?"

ಸುಳ್ಳು ಹೇಳಬಹುದಿತ್ತು. ಎಲ್ಲರೂ ಹೇಳುವಂತೆ, ಆಯಸ್ಸು ಮುಗಿದಿತ್ತು ಬಿಡಿ ಅನ್ನಬಹುದಿತ್ತು. ಆದರೆ ಅದನ್ನೇ ನಂಬಿದರೆ ನಾಳೆ ಇನ್ನೊಬ್ಬಳು.

"ಖಂಡಿತ ಅಂತ ಹೇಳೋಕಾಗಲ್ಲ. ಉಳಿಯಬಹುದಿತ್ತು."

ತಲೆ ಆಡಿಸಿದರು. ಲೋಟ ಕೆಳಗಿಟ್ಟು, "ಒಳಗಿಂದ ಒಂದ್ಸಲ ಗೊರ್ ಅಂತ ಸದ್ದು ಬಂತ್ರೀ. ಉಸುರು ಬಂತು ಅಂದ್ಕಂಡೆ. ತಿರುಗಿ ನೋಡಬೇಕು ಅನ್ನಿಸ್ತು. ಎಲ್ರೂ ಅತ್ತಾಗೆ ಮಖ ಮಾಡಿದ್ರು. ನಾನೊಬ್ನೇ ಹೆಂಗ್ ತಿರುಗ್ಲಿ?"

ಆ ಸದ್ದು ಉಸಿರಲ್ಲ. ಹೃದಯ ನಿಂತಾಗ ಕೆಲವರಿಗೆ ಬರುವ ಗೊರಕೆ, ಇನ್ನೂ ಉಳಿಸಬಹುದಾದ ಹೊತ್ತು. ಇದನ್ನು ಮಾತ್ರ ಹೇಳಲಿಲ್ಲ.

ಆಗಸ್ಟ್ 5, ಮಂಗಳವಾರ

ಪರಮಶಿವಪ್ಪನವರ ಫೋನ್. ಮಿಷನ್ ವಾಪಸ್ ತೆಗೆದುಕೊಂಡು ಹೋಗಬೇಕಂತೆ. ಹೆಂಗಸರು ಪಂಚಾಯ್ತಿ ಮೆಟ್ಟಿಲು ಹತ್ತುತ್ತಿಲ್ಲ. ಯಾರೂ ಇಲ್ಲದಾಗ ಪೆಟ್ಟಿಗೆ ಮಾತಾಡುತ್ತದೆ ಅಂತ ಸುದ್ದಿ ಹಬ್ಬಿದೆ. "ಹಾಳು ದನಿ ಅದು. ಒಯ್ದುಬಿಡ್ರಿ ತಾಯೀ."

ಮಿಷನ್ ಹೋದರೆ ಆ ಊರಲ್ಲಿ ಮುಂದೆ ಬೀಳುವವರಿಗೆ ಏನೂ ಇಲ್ಲ. ಆಂಬುಲೆನ್ಸ್ ಬರುವವರೆಗೆ ಬರಿ ಜಮಖಾನ. ಬೇಡಿಕೊಂಡೆ, ನಿಜವಾಗಿಯೂ ಬೇಡಿಕೊಂಡೆ. ಒಂದೇ ಒಂದು ಕ್ಲಾಸ್. ಸೀರೆ ಉಟ್ಟ ಗೊಂಬೆಗೆ ನಿಮ್ಮೂರಿನ ಒಬ್ಬ ಗಂಡಸು ಪ್ಯಾಡ್ ಹಾಕಲಿ. ಯಾರೂ ಬರದಿದ್ದರೆ ನಾನೇ ಗೋಡೆಯಿಂದ ಕಳಚಿಕೊಂಡು ಬರುತ್ತೇನೆ.

"ಯಾರೂ ಬರಲ್ರೀ" ಅಂದರು. ಆದರೂ ಮುಂದಿನ ಮಂಗಳವಾರ ಬನ್ನಿ ಅಂದರು.

ಆಗಸ್ಟ್ 11, ಸೋಮವಾರ

ನಾಳೆ. ಗೊಂಬೆಗೆ ಹೊಸ ಕುಪ್ಪಸ ಹೊಲಿದೆ, ಹಳೆಯದು ಕತ್ತರಿಸಿ ಕತ್ತರಿಸಿ ಚಿಂದಿಯಾಗಿತ್ತು. ತೊಡಿಸಿ ನೋಡಿದೆ, ಸರಿಯಾಗಿ ಕೂತಿತು. ಅದರ ಅಳತೆ ಯಾರದೆಂದು ಯೋಚಿಸಬಾರದು. ರಾಜಕುಮಾರ್ ಬಾಗಿಲಲ್ಲಿ ನಿಂತು ನೋಡಿದರು. ತಮಾಷೆ ಮಾಡಲಿಲ್ಲ. "ನಾನೂ ಬರ್ಲೇನೆ?" ಅಂದರು. ಬೇಡ ಅಂದೆ.

ಆಗಸ್ಟ್ 12, ಮಂಗಳವಾರ, ಸಂಜೆ

ಊರೇ ಬಂದಿತ್ತು. ಗಂಡಸರು ಗೋಡೆಗೆ ಒರಗಿ. ಹೆಂಗಸರು ಒಳಗೆ ಬರಲಿಲ್ಲ, ಕಿಟಕಿಯಲ್ಲಿ. ಗೊಂಬೆಯನ್ನು ನೆಲದ ಮೇಲೆ ಮಲಗಿಸಿದೆ. ಯಾರು ಬರುತ್ತೀರಿ ಅಂದೆ. ಮತ್ತೊಮ್ಮೆ ಅಂದೆ. ಪರಮಶಿವಪ್ಪ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ಹೊರಟೆ, ಮಿಷನ್ ಕಳಚಲು.

"ನಾನ್ ಮಾಡ್ತೀನ್ರೀ."

ಉಚ್ಚಂಗಪ್ಪ. ಟವೆಲ್ ತೆಗೆದು ಪಕ್ಕಕ್ಕಿಟ್ಟು ಮಂಡಿಯೂರಿದರು. ಕೂಡಲೇ ಗಂಡಸರು, ಅಭ್ಯಾಸಬಲ, ಜಮಖಾನ ಎತ್ತಿ ಹಿಡಿದು ಹೊರಕ್ಕೆ ತಿರುಗಿಬಿಟ್ಟರು. ಅದೇ. ಪ್ರದೀಪ ಕಂಡದ್ದೇ.

ಒಳಗಿನಿಂದ ಉಚ್ಚಂಗಪ್ಪನ ದನಿ. ಅವರು ಇಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. "ಅಡ್ಡ ಹಿಡಿಯಾಕೆ ಇಬ್ರು ಸಾಕು. ಉಳಿದೋರು ಒಳಗೆ ಬರ್ರೋ!"

ಯಾರೂ ಅಲುಗಲಿಲ್ಲ. ಆಮೇಲೆ ಪರಮಶಿವಪ್ಪ ತಮ್ಮ ಕೈಯಲ್ಲಿದ್ದ ಮೂಲೆಯನ್ನು ಪಕ್ಕದವನಿಗೆ ಕೊಟ್ಟು, ಒಳಗೆ ತಿರುಗಿ ಕೂತರು. ಇನ್ನಿಬ್ಬರು ಬಂದರು. ನಾನೂ ಹೋಗಿ ಕೂತೆ.

ಭುಜ ತಟ್ಟಿ ಕರೆಯಬೇಕು. ಅಮ್ಮಾ ಅಂತ ಕರೆಯಿರಿ ಅಂತ ಕಲಿಸಿದ್ದೆ. ಅವರು ಬಗ್ಗಿ, "ಲೋಕೀ... ಏ ಲೋಕೀ..." ಅಂದರು. ಕಿಟಕಿಯಲ್ಲಿ ಒಬ್ಬಳು ಬಿಕ್ಕಿದಳು. ಉಚ್ಚಂಗಪ್ಪ ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲವಂತೆ, ಆಮೇಲೆ ಹೇಳಿದರು.

ಎದೆ ಒತ್ತಿದರು. ಕುಪ್ಪಸದ ಹತ್ತಿರ ಕತ್ತರಿ ನಿಂತಿತು. ನಾನು ತಂದಿದ್ದ ಅಭ್ಯಾಸದ ಮಿಷನ್ ಹೇಳುತ್ತಿತ್ತು, ಬಟ್ಟೆ ತೆಗೆಯಿರಿ, ಬಟ್ಟೆ ತೆಗೆಯಿರಿ. ಇದು ಅವರೇ ದಾಟಬೇಕಾದ ಜಾಗ. ಎದೆ ಒತ್ತುವುದನ್ನು ಪರಮಶಿವಪ್ಪ ವಹಿಸಿಕೊಂಡರು. ಉಚ್ಚಂಗಪ್ಪ ಕತ್ತರಿಸಿದರು. ಕರಿಮಣಿ ಸರಿಸಿದರು. ಪ್ಯಾಡ್ ಒಂದು ಬಲಗಡೆ ಮೇಲೆ, ಒಂದು ಎಡಗಡೆ ಕಂಕುಳ ಕೆಳಗೆ. ಒಂದಿಷ್ಟೂ ತಪ್ಪಲಿಲ್ಲ. ಎಲ್ಲರೂ ದೂರ ಸರಿಯಿರಿ ಅಂದರು, ಗುಂಡಿ ಒತ್ತಿದರು. ಈಗ ರೋಗಿಯನ್ನು ಮುಟ್ಟಬಹುದು ಅಂತು ಮಿಷನ್. ಮತ್ತೆ ಒತ್ತಲು ಶುರು ಮಾಡಿದರು.

ಪರಮಶಿವಪ್ಪ ಎದ್ದು, ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ ಮಿಷನ್ನು. ಗ್ವಾಡಿ ಮ್ಯಾಲೆ ಇರ್ಲಿ" ಅಂದರು. ಜಮಖಾನ ಇಳಿಯಿತು. ಹೆಂಗಸರು ಒಳಗೆ ಬಂದರು. ನಾನು ಗೆದ್ದಿದ್ದೆ.

ಉಚ್ಚಂಗಪ್ಪ ನಿಲ್ಲಿಸಲಿಲ್ಲ. ಬೆವರು ಗೊಂಬೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಸಾಕು, ಸರಿಯಾಗಿ ಮಾಡಿದಿರಿ ಅಂದೆ. ಕೈ ಬಿಡಿಸಲು ಹೋದ ಪರಮಶಿವಪ್ಪನವರನ್ನು ಭುಜದಿಂದಲೇ ತಳ್ಳಿದರು.

"ಆಂಬುಲೆನ್ಸ್ ಬರತನ ನಿಲ್ಲಿಸ್ಬಾರ್ದು ಅಂದಿದ್ರಲ್ರೀ ಸಿಸ್ಟರ್. ಇನ್ನೂ ಬಂದಿಲ್ಲಲ್ರೀ."

ಅಭ್ಯಾಸದಲ್ಲಿ ಆಂಬುಲೆನ್ಸ್ ಬಂತು ಅಂತ ಕೂಗುವುದು ನನ್ನ ಕೆಲಸ. ಆಗಲೇ ಎಲ್ಲರೂ ನಿಲ್ಲಿಸುವುದು. ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ಬಂತು ಅಂದರೆ ಅವರು ಕೈ ತೆಗೆಯಬೇಕು. ಕೈ ತೆಗೆದರೆ ಲೋಕಮ್ಮ ಮತ್ತೊಮ್ಮೆ—