ಅಯಸ್ಕಾಂತ ತೆಗೆದ ಕಾರು

ಭಾನುವಾರ, ಜೂನ್ ೧೪

ಪ್ರೀತಿಯ ಚಿನಕುರುಳಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೋದ ತಿಂಗಳೇ ಬರೆಯಬೇಕಿದ್ದ ಕಾಗದ ಇದು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ‘ಊಟ ಆಯ್ತಾ’, ‘ಹೂಂ, ಆಯ್ತು’ ಅನ್ನುವುದರೊಳಗೆ ನಮ್ಮಿಬ್ಬರ ಮಾತು ಮುಗಿದುಹೋಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ‘ಸರಿ, ಇಡ್ಲಾ?’ ಅನ್ನುವಂತಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. “ಅವಳೀಗ ದೊಡ್ಡೋಳಾದ್ಲು. ಇನ್ಮೇಲೆ ಭಾನುವಾರ ನಿಮ್ಮಲ್ಲಿಗೆ ಬರೋದು, ಬಿಡೋದು ಅವಳಿಷ್ಟ. ನಾನು ಬಲವಂತ ಮಾಡಲ್ಲ, ನೀವೂ ಮಾಡ್ಬೇಡಿ” ಅಂದಳು. ನ್ಯಾಯವಾದ ಮಾತೇ. ಆಯ್ತು ಅಂದೆ. ಅಂದವನು ಕುರ್ಚಿಯಲ್ಲೇ ಕೂತುಬಿಟ್ಟೆ, ಒಲೆಯ ಮೇಲಿನ ಹಾಲು ಉಕ್ಕಿಹೋದದ್ದೂ ತಿಳಿಯಲಿಲ್ಲ. ಬಲವಂತ ಖಂಡಿತ ಮಾಡುವುದಿಲ್ಲ. ಆದರೆ ಬರುವುದೋ ಬಿಡುವುದೋ ಎಂದು ನೀನು ತೀರ್ಮಾನಿಸುವ ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ.

ಎಲ್ಲಾ ಶುರುವಾದದ್ದು ನಿನ್ನಿಂದಲೇ. ಬೇಸಿಗೆ ರಜೆಯಲ್ಲಿ, ಕೋಣೆಯ ತುಂಬ ಹಾಸಿದ್ದ ಆಟದ ಕಾರಿನ ಟ್ರ್ಯಾಕಿನ ಮುಂದೆ ಕೂತು ಆಕಳಿಸುತ್ತಾ, “ಇದರಲ್ಲಿ ಓಡಿಸೋದೇನಿದೆ? ಬಟನ್ ಒತ್ತಿ ಹಿಡಿದ್ರೆ ಮುಗೀತು, ಕಾರು ಅಂಟ್ಕೊಂಡೇ ಸುತ್ತುತ್ತೆ” ಅಂದೆ ನೀನು. ಸರಿಯಾಗಿಯೇ ಹೇಳಿದ್ದೆ. ಕಾರಿನ ಹೊಟ್ಟೆಯಡಿಯ ಅಯಸ್ಕಾಂತ ಟ್ರ್ಯಾಕಿನ ಕಬ್ಬಿಣದ ಪಟ್ಟಿಯನ್ನು ಸೆಳೆದು ಹಿಡಿದಿರುವಾಗ ಎಂಥ ತಿರುವು ಬಂದರೂ ಕಾರಿಗೆ ಚಿಂತೆಯಿಲ್ಲ, ಓಡಿಸುವವರಿಗೆ ಕೆಲಸವೂ ಇಲ್ಲ. ನೀನೇನೋ ಅಂದು ಮರೆತೆ, ನನ್ನ ತಲೆಗೆ ಹುಳ ಬಿಟ್ಟಂತಾಯಿತು.

ಮಾರನೆಯ ದಿನವೇ ಎರಡೂ ಕಾರುಗಳ ಅಯಸ್ಕಾಂತ ಕಿತ್ತು ಹಾಕಿದೆ. ಕಿತ್ತ ಮೇಲೆ ಗೊತ್ತಾಯಿತು ಅವುಗಳ ಬಂಡವಾಳ. ಸ್ವಲ್ಪ ವೇಗ ಸಿಕ್ಕಿದರೆ ಸಾಕು, ಹಿಂಭಾಗ ಜಾರುತ್ತದೆ, ಕಾರನ್ನು ದಾರಿಯಲ್ಲಿಡುವ, ಮೂತಿಯ ಕೆಳಗಿನ ಪುಟ್ಟ ಗೂಟ ಟ್ರ್ಯಾಕಿನಲ್ಲಿ ಕೊರೆದ ಕಾಲುವೆಯಿಂದ ಎದ್ದು ಬರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಕಾರಿನ ತಳಕ್ಕೆ ಅಂಟಿಸಿದೆ. ಹಿಂದಿನ ಟೈರುಗಳನ್ನು ಮರಳು ಕಾಗದದ ಮೇಲೆ ತಿರುಗಿಸಿ ಸಮ ಮಾಡಿದೆ. ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವವನಿಗೆ ಅದೇನು ಮಹಾ ಕೆಲಸ! ನಿನ್ನನ್ನು ದಂಗುಬಡಿಸುತ್ತೇನೆ ಅಂತ ಒಳಗೊಳಗೇ ಬೀಗುತ್ತಿದ್ದೆ.

ನೀನು ಮತ್ತೆ ಬಂದ ದಿನ ನಡೆದದ್ದು ನಿನಗೇ ಗೊತ್ತು. ಮೊದಲ ತಿರುವಿಗೇ ನಿನ್ನ ಹಸಿರು ಕಾರು ಪಲ್ಟಿ, ಹಿಂದೆಯೇ ನನ್ನದೂ ಪಲ್ಟಿ. “ಮುಂಚೆನೇ ಚೆನ್ನಾಗಿತ್ತಲ್ಲ” ಅಂದೆ ನೀನು. ಸಂಜೆವರೆಗೆ ಇರಬೇಕಾದವಳು ಊಟಕ್ಕೂ ನಿಲ್ಲಲಿಲ್ಲ. ಅಮ್ಮನನ್ನು ಮದುವೆಯಾದ ನಿನ್ನ ಅಂಕಲ್ ಬಂದು ಕರೆದುಕೊಂಡು ಹೋದರು. ಹಾರ್ನ್ ಕೂಡ ಹೊಡೆಯದೆ ಬೀದಿಯಲ್ಲಿ ಕಾದು ನಿಂತಿದ್ದರು, ಸಭ್ಯಸ್ಥರು. ಇಬ್ಬರಿಗೆಂದು ಮಾಡಿದ್ದ ಅಡುಗೆಯನ್ನು ಮರುದಿನವೂ ಬಿಸಿ ಮಾಡಿಕೊಂಡು ತಿಂದೆ.

ಆಮೇಲೂ ಕಾರುಗಳು ಹಾರುತ್ತಲೇ ಇದ್ದವು. ಒಂದು ದಿನ ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲು ಹತ್ತಿ ಬಂದರು. “ಏನ್ರೀ ಅದು, ದಿನಾ ನನ್ನ ತಲೆ ಮೇಲೆ ಟಕ್ ಅಂತ ಬೀಳೋದು?” ಅಂತ ದಬಾಯಿಸಿದರು. ತೋರಿಸಿದೆ. ಬೈಯಲು ಬಂದವರು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೇಬಿಟ್ಟರು. “ನನ್ನ ಮಷೀನೂ ಹೀಗೇ ಕಣ್ರೀ, ಕಾಲರಿನ ತಿರುವು ಬಂದಾಗ ಪೆಡಲ್ ಸಡಿಲ ಬಿಡ್ಬೇಕು” ಅನ್ನುತ್ತಾ ಮೆಲ್ಲಗೇ ಓಡಿಸಿದರು. ಆದರೂ ಕಾರು ನೆಗೆದು ಬಿತ್ತು. ಎತ್ತಿಕೊಂಡು ಅಲ್ಲಾಡಿಸಿ ನೋಡಿ, “ಅದಕ್ಕೆ ಉಸಿರಾಡೋಕಾದ್ರೂ ಬಿಡ್ರೀ, ಕಲ್ಲಿನ ಹಾಗೆ ಬಿಗಿದಿದ್ದೀರಲ್ಲ” ಅಂದರು.

ಆಗ ಹೊಳೆಯಿತು. ದಿನವಿಡೀ ಊರವರ ಕನ್ನಡಕದ ಸ್ಕ್ರೂ ಬಿಗಿಮಾಡುವ ಕೈ ನನ್ನದು, ಸ್ಕ್ರೂ ಕಂಡರೆ ಸುಮ್ಮನಿರುವುದಿಲ್ಲ. ಕಾರಿನ ಮೇಲ್ಭಾಗವನ್ನು ಹಿಡಿದಿರುವ ಸ್ಕ್ರೂಗಳನ್ನು ಪ್ರತಿ ಸಲ ಬಿಚ್ಚಿದಾಗಲೂ ಗೊತ್ತಿಲ್ಲದೆಯೇ ಕಚ್ಚಿಸಿ ಬಿಗಿಯುತ್ತಿದ್ದೆ. ಅಯಸ್ಕಾಂತವಿಲ್ಲದ ಕಾರಿನ ಮೈ ಕೊಂಚ ಅಲುಗಾಡುವಂತಿರಬೇಕು. ಇಲ್ಲದಿದ್ದರೆ ತಿರುವಿನ ಏಟೆಲ್ಲ ಚಕ್ರಕ್ಕೇ ಬಿದ್ದು ಕಾರು ಪುಟಿಯುತ್ತದೆ. ಒಂದಿಷ್ಟು ಸಡಿಲಿಸಿದೆ, ಓಡಿತು.

ಈಗ ನೋಡಬೇಕು ನೀನು. ತಿರುವಿನಲ್ಲಿ ಹಿಂಭಾಗ ಆಚೆ ಜಾರುತ್ತದೆ, ಇನ್ನೇನು ಬಿತ್ತು ಅನ್ನುವಾಗ ಸಾವರಿಸಿಕೊಂಡು ನೇರವಾಗುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ಒತ್ತಬೇಕು ಅಂತ ಬೆರಳಿಗೆ ಗೊತ್ತಿರಬೇಕು. ಅಂಗಡಿಯಿಂದ ಬಂದು ಬಲಗೈಯಲ್ಲಿ ನನ್ನ ಕಾರು, ಎಡಗೈಯಲ್ಲಿ ನಿನ್ನದು ಓಡಿಸುತ್ತೇನೆ. ಎಡಗೈ ಪಾಪ ಸೋಲುತ್ತಲೇ ಇರುತ್ತದೆ. ಗೆದ್ದರೂ ಜಂಭ ಕೊಚ್ಚಲು ಎದುರಿಗೆ ಯಾರೂ ಇಲ್ಲ. ಕಾರು ಬಿದ್ದರೆ ಎರಡನ್ನೂ ನಿಲ್ಲಿಸಿ ನಾನೇ ಏಳಬೇಕು. ಈ ಕೋಣೆಯಲ್ಲಿ ತುಂಬ ಒಂಟಿ ಅನ್ನಿಸುತ್ತದೆ ಮಗಳೇ, ಮುಚ್ಚಿಡುವುದೇನಿದೆ.

ಒಂದು ಭಾನುವಾರ ಬಾ. ಸ್ವಲ್ಪ ಹೊತ್ತು ಓಡಿಸಿ ನೋಡು. ಆಗಲೂ ಆಕಳಿಕೆ ಬಂದರೆ ಟ್ರ್ಯಾಕ್ ಬಿಚ್ಚಿ ಅಟ್ಟಕ್ಕೆ ಹಾಕೋಣ, ಇಬ್ಬರೂ ಸುಮ್ಮನೆ ಕೂತಿರೋಣ. ಬರಲು ಮನಸ್ಸಾಗದಿದ್ದರೆ ಅದನ್ನೂ ಹೇಳು, ನಾನೇನೂ ಕೋಪಿಸಿಕೊಳ್ಳುವುದಿಲ್ಲ.

ಅಮ್ಮನಿಗೆ ಕೇಳಿದೆನೆಂದು ತಿಳಿಸು. ಓದು, ಆದರೆ ನಿದ್ದೆಗೆಟ್ಟು ಓದಬೇಡ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಗು ಹೀಗೇ ಇರಲಿ.

ನಿನ್ನ
ಅಪ್ಪ

ವಿ.ಸೂ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಅವತ್ತು ಕೊನೆಯ ಸಲ ನಿನ್ನ ಕಾರು ಹಾರಿ ಮಂಚದಡಿಗೆ ಹೋದಾಗ ನಾನು ತೆವಳಿಕೊಂಡು ಒಳಗೆ ಹೋಗಿದ್ದೆ. ನೀನು ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಅವರಿಗೆ, “ಅಪ್ಪಾ, ಈಗ್ಲೇ ಬಂದು ಕರ್ಕೊಂಡು ಹೋಗ್ತೀಯಾ?” ಅಂದೆ. ನನ್ನೆದುರು ಅವರನ್ನು ಯಾವಾಗಲೂ ‘ಅಂಕಲ್’ ಅನ್ನುತ್ತೀಯ. ನನಗೆ ಕೇಳಿಸಬಾರದೆಂದು ಎಷ್ಟು ಸಣ್ಣ ದನಿಯಲ್ಲಿ ಹೇಳಿದೆ. ನನಗೋಸ್ಕರ ಹಾಗೆ ಕದ್ದುಮುಚ್ಚಿ ಮಾತಾಡಬೇಡ, ನನ್ನೆದುರೂ ಅವರನ್ನು ಅಪ್ಪ ಅಂತಲೇ ಕರಿ. ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. “ಸಿಕ್ತಾ? ನಾನು ಹೊರಡ್ಲಾ?” ಅಂತ ನೀನು ಕೇಳಿದಾಗ, “ಇಲ್ಲ, ಹುಡುಕ್ತಿದ್ದೀನಿ, ನೀನು ಹೊರಡು” ಅಂದೆನಲ್ಲ, ಕಾರು ಆಗಲೇ ನನ್ನ ಕೈಯಲ್ಲಿತ್ತು.