ಅಂಟು ಒಣಗಿಲ್ಲ

ಪ್ರೀತಿಯ ತಂಗಿಗೆ,

ನಿನ್ನ ಯಜಮಾನರು ತಮ್ಮ ತಾತನ ಕಾಲದ ರೈಫಲನ್ನು ನನ್ನ ರಿಪೇರಿ ಅಂಗಡಿಗೆ ತಂದುಕೊಟ್ಟಿದ್ದಾರೆ. ಭುಜಕ್ಕೆ ಆನಿಸುವ ಹಿಂಬದಿಯ ರಬ್ಬರು ನಮ್ಮ ದೊಡ್ಡಪ್ಪನ ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು. "ಗೋಡೆಗೆ ತೂಗುಹಾಕೋಕೆ ಭಾವ, ಮೆತ್ತಗಿರೋ ಹೊಸದೊಂದು ಹಾಕಿಕೊಡಿ" ಎಂದರು.

"ಗೋಡೆಗೂ ಭುಜ ನೋಯುತ್ತೇನಪ್ಪಾ?" ಎಂದು ನಾನು ನಕ್ಕೆ. ಅವರು ನಗಲಿಲ್ಲ. ನಾನು ರೈಫಲಿಗೆ ಕೂರಿಸಿ ತೋರಿಸಿದ ಹೊಸ ರಬ್ಬರನ್ನು ಭುಜಕ್ಕೊತ್ತಿಕೊಂಡು, ಮೂಲೆಯ ಖಾಲಿ ಕುರ್ಚಿಯತ್ತ ನಳಿಕೆ ಇಳಿಸಿ, "ಕೂತಿರೋರ ಎತ್ತರಕ್ಕೆ ಹಿಡಿದ್ರೂ ಜಾರಲ್ಲ ತಾನೇ?" ಎಂದು ಕೇಳಿದರು.

ಅಂದಿನಿಂದ ದಿನವೂ ಬರುತ್ತಾರೆ. ರಬ್ಬರಿನ ಅಂಟು ಇನ್ನೂ ಒಣಗಿಲ್ಲ ಎನ್ನುತ್ತೇನೆ. ನನ್ನನ್ನು ಬಿಟ್ಟರೆ ಇಷ್ಟು ಸೋಮಾರಿಯಾದದ್ದು ಈ ಅಂಗಡಿಯಲ್ಲಿ ಆ ಅಂಟೊಂದೇ. ಈಗಲೂ ಎದುರಿಗೇ ಕೂತಿದ್ದಾರೆ. ನಾನು ಬಿಲ್ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾರೆ.

ರೈಫಲ್ ಕೊಡುವುದಿಲ್ಲ ಎಂದುಬಿಡಬಹುದು. ಆಗ ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಆ ಕೈಯ ಪರಿಚಯ ನಿನ್ನ ಕೆನ್ನೆಗಿದೆ. ಹೋದ ಸಲದಂತೆ ಹಲ್ಲುನೋವು ಎನ್ನಬೇಡ.

ನೀನು ಬಾಗಿಲಿಗೆ ಬೆನ್ನು ಹಾಕಿ ಹೊಲಿಯಲು ಕೂರುತ್ತೀಯ. ಹೊಲಿಗೆ ಯಂತ್ರ ಅಲ್ಲೇ ಇರಲಿ, ದೀಪವೂ ಉರಿಯುತ್ತಿರಲಿ. ಈ ಪತ್ರ ತಂದಿರುವ ನಿನ್ನ ಅತ್ತಿಗೆಯ ಜೊತೆ ಉಟ್ಟ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಂಡು ಹೊರಡು. ನಮ್ಮ ಮನೆಗಲ್ಲ, ಅವಳ ತವರಿಗೆ. ಅಲ್ಲಿಯವರೆಗೆ ನಾನು ಇವರಿಗೆ ಚಹಾ ಕುಡಿಸುತ್ತಾ ಅಂಟನ್ನು ಬೈಯುತ್ತಿರುತ್ತೇನೆ.

ಬೇಗ ಹೊರಡಮ್ಮ. ಅಂಟು ಒಣಗಿ ವಾರವಾಯಿತು, ಅವರು ಈಗಷ್ಟೇ ಹೆಬ್ಬೆರಳಿನಿಂದ ಒತ್ತಿ ನೋಡಿದರು.

ಇನ್ನೂ ನಗುತ್ತಲೇ ಕೂತಿರುವ,
ನಿನ್ನ ಅಣ್ಣ